ಮೊದಲ ಕರೆಗೆ ಓಗೊಡಬಾರದು

ನಾನು ಪುಕ್ಕಲ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಧೈರ್ಯವಂತರು ತಮ್ಮ ಧೈರ್ಯವನ್ನು ಊರೆಲ್ಲ ಸಾರಿಕೊಂಡು ತಿರುಗುವಾಗ ಪುಕ್ಕಲರು ಮಾತ್ರ ಯಾಕೆ ಬಾಯಿ ಮುಚ್ಚಿಕೊಂಡಿರಬೇಕು? ಹಲ್ಲಿ, ಲಿಫ್ಟು, ಗುರುತಿಲ್ಲದ ನಂಬರಿನ ಫೋನು, ಕರೆಂಟು ಹೋದಾಗ ಗಾಳಿಯಿಲ್ಲದೆ ಅಲುಗುವ ಪರದೆ, ಇವೆಲ್ಲ ನನ್ನ ಹೆದರಿಕೆಯ ಬಂಧುಬಳಗ. ಬಚ್ಚಲುಮನೆಗೆ ಹೋದರೆ ಚಿಲಕ ಪೂರ್ತಿ ಹಾಕುವುದಿಲ್ಲ; ಒಳಗೆ ಏನಾದರೂ ಇದ್ದರೆ ಓಡಿಬರಲು ದಾರಿ ಬೇಕಲ್ಲ. ಇಂಥ ನನಗೆ ಈ ವಯಸ್ಸಿನಲ್ಲಿ ಸಿಕ್ಕಿದ ಕೆಲಸವೆಂದರೆ ಇತರರ ಸುರಕ್ಷತೆ. ಕುರಿ ಕಾಯಲು ತೋಳನನ್ನು ಬಿಟ್ಟರು ಎಂದು ಜನ ಹೇಳುತ್ತಾರೆ. ಇಲ್ಲಿ ಕುರಿ ಕಾಯಲು ಹಿಂಡಿನಲ್ಲೇ ಹೆಚ್ಚು ನಡುಗುವ ಕುರಿಯನ್ನು ಬಿಟ್ಟಿದ್ದರು.

ಬಿಟ್ಟವಳು ನನ್ನ ಹೆಂಡತಿ ಶಾರದಾ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ರಕ್ತ, ಹೆಣ, ಮೇಲಧಿಕಾರಿ ಯಾವುದಕ್ಕೂ ಹೆದರಿದವಳಲ್ಲ. ನಿವೃತ್ತಿಯಾದ ಮೇಲೆ ವಿದ್ಯಾನಗರದ ನಮ್ಮ ಮನೆಯ ಮುಂದಿನ ಕೋಣೆಗೆ ಮೇಜು ಕುರ್ಚಿ ಹಾಕಿ, ವಯಸ್ಸಾದವರನ್ನು ನೋಡಿಕೊಳ್ಳುವ ಹೆಂಗಸರನ್ನು ಶಿವಮೊಗ್ಗ, ಭದ್ರಾವತಿಯ ಮನೆಗಳಿಗೆ ಕಳಿಸುವ ಕೆಲಸ ಶುರುಮಾಡಿದಳು. ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಹಾಜರಿ ಗುಮಾಸ್ತನಾಗಿದ್ದ ನಾನೂ ಅಷ್ಟು ಹೊತ್ತಿಗೆ ನಿವೃತ್ತನಾಗಿ ಮನೆ ಸೇರಿದ್ದೆ. "ಇಡೀ ದಿನ ಪೇಪರ್ ಓದೋ ಬದಲು ಆಫೀಸಿನ ಫೋನ್ ನೋಡ್ಕೊಳ್ಳಿ ಮಾರಾಯ್ರೆ" ಎಂದಳು. ಹೀಗೆ ನಾನು ಹೆಂಡತಿಯ ಕೈಕೆಳಗೆ ಅಧಿಕೃತವಾಗಿ ನೌಕರನಾದೆ. ಅನಧಿಕೃತ ಸೇವಾವಧಿ ಮೊದಲೇ ಬಹಳ ಇತ್ತು.

ವಯಸ್ಸಾದವರ ಮನೆಯೆಂದರೆ ಎಲ್ಲಕ್ಕಿಂತ ನಿರಪಾಯದ ಜಾಗ ಎಂದು ಜನ ತಿಳಿದಿದ್ದಾರೆ. ನಾನೂ ತಿಳಿದಿದ್ದೆ. ನಮ್ಮ ಹೆಂಗಸರು ಬಿಡುವಿದ್ದಾಗ ಬಂದು ಕಾಫಿ ಕುಡಿಯುತ್ತಾ ಹೇಳುವ ಕಥೆ ಕೇಳಿದ ಮೇಲೆ ಆ ನಂಬಿಕೆ ಹೋಯಿತು. ಅಪರಿಚಿತರ ಮನೆ, ಒಳಗೆ ಒಬ್ಬಳೇ, ಬಾಗಿಲು ಹಾಕಿದರೆ ಹೊರಗಿನವರಿಗೆ ಏನೂ ಕೇಳುವುದಿಲ್ಲ. ಒಂದು ಮನೆಯಲ್ಲಿ ಮುದುಕರಿಗೆ ಸಿಟ್ಟು ಬಂದರೆ ಕೈಗೆ ಸಿಕ್ಕಿದ ಲೋಟ ಹಾರುತ್ತದೆ. ರಾಗಿಗುಡ್ಡದ ಒಬ್ಬ ಹಿರಿಯರು ಬ್ಯಾಂಕಿನಲ್ಲಿದ್ದವರು. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ತೆರೆದ ಬಾಗಿಲು ಕಂಡರೆ ಕೈ ತಾನಾಗಿ ಚಿಲಕಕ್ಕೆ ಹೋಗುತ್ತದೆ. ನಮ್ಮವಳು ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಹೊರಗಿನಿಂದ ಚಿಲಕ ಹಾಕಿ, ಸ್ಟ್ರಾಂಗ್ ರೂಮು ಭದ್ರವಾಯಿತೆಂಬ ತೃಪ್ತಿಯಲ್ಲಿ ಮಲಗಿಬಿಟ್ಟರು. ಎಚ್ಚರವಾದ ಮೇಲೆ ಬಚ್ಚಲಿನಿಂದ ಬರುವ ಕೂಗು ಕೇಳಿ, "ಇವತ್ತು ರಜಾ, ನಾಳೆ ಬನ್ನಿ" ಎಂದರಂತೆ. ಇದನ್ನು ಕೇಳಿ ನಾವು ನಕ್ಕೆವು. ಇನ್ನೊಂದು ಮನೆಯಲ್ಲಿ ಅಜ್ಜನ ಸಂಬಂಧಿಯೊಬ್ಬ ಮಧ್ಯಾಹ್ನ ಕುಡಿದು ಬಂದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದನಂತೆ. ಅದನ್ನು ಹೇಳುವಾಗ ಅವಳು ನಗಲಿಲ್ಲ, ನಾವೂ ನಗಲಿಲ್ಲ. ಮರುದಿನವೇ ಶಾರದಾ ಎಲ್ಲರಿಗೂ ಅಲಾರಾಂ ತರಿಸಲು ಹೇಳಿದಳು.

ಅಲಾರಾಂ ಎಂದರೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಯಂತ್ರ. ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಬೇಕು. ಅಪಾಯವಾದರೆ ಅದರ ಕೆಂಪು ಗುಂಡಿಯನ್ನು ಒತ್ತಿ ಹಿಡಿದರೆ ನಮ್ಮ ಆಫೀಸಿನ ಫೋನು ಬೇರೆಯದೇ ದನಿಯಲ್ಲಿ ಕೂಗಿಕೊಳ್ಳುತ್ತದೆ. ಅಷ್ಟೇ ಅಲ್ಲ, ನಾನು ಇಲ್ಲಿಂದ ಕರೆದರೆ ಅದು ರಿಂಗಾಗುವುದಿಲ್ಲ, ಯಾರೂ ಎತ್ತಬೇಕಾಗಿಲ್ಲ. ನನ್ನ ಮಾತು ನೇರವಾಗಿ ಅವರ ಎದೆಯ ಮೇಲಿಂದ ಹೊರಡುತ್ತದೆ. ನಮ್ಮ ಹೆಂಗಸರು ಮೊದಲ ದಿನವೇ ಅದಕ್ಕೆ ತಾಯತ ಎಂದು ಹೆಸರಿಟ್ಟರು. ಒಬ್ಬಳು ಅರಿಶಿನದ ದಾರ ಕಟ್ಟಿಕೊಂಡಳು. ಇನ್ನೊಬ್ಬಳ ಅತ್ತೆ, "ಇದ್ರಲ್ಲಿ ನಾನು ಬೈಯೋದೆಲ್ಲ ಶಾರದಮ್ಮಂಗೆ ಕೇಳುತ್ತಾ?" ಎಂದು ವಿಚಾರಿಸಿ, ಕೇಳಬಹುದು ಎಂದು ಗೊತ್ತಾದ ಮೇಲೆ ಬೈಯುವುದನ್ನು ಕಡಿಮೆ ಮಾಡಿದರಂತೆ. ಯಂತ್ರದ ಸಾಮರ್ಥ್ಯದ ಬಗ್ಗೆ ನಮಗೆ ಸಿಕ್ಕ ಮೊದಲ ಪ್ರಮಾಣಪತ್ರ ಅದು.

ದಿನಾ ದೀಪ ಹಚ್ಚುವ ಹೊತ್ತಿಗೆ ಒಬ್ಬೊಬ್ಬರ ಹೆಸರು ಹಿಡಿದು ಕರೆಯುವುದು ನನ್ನ ಕೆಲಸ. ಅವರು "ಇದ್ದೀನಿ" ಎನ್ನಬೇಕು. ಅನ್ನದಿದ್ದರೆ ಪಕ್ಕದ ಮನೆಗೆ ಫೋನು, ಆಮೇಲೆ ನಾವೇ ಹೋಗುವುದು. ಹಾಜರಿ ಕರೆದು ಬಾಳು ಸವೆಸಿದ ನನಗೆ ಇದು ಹಬ್ಬವೇ ಆಗಬೇಕಿತ್ತು. ಆದರೆ ನಿಜ ಹೇಳಲೇ? ಮೊದಲ ವಾರದಲ್ಲೇ ನನಗೆ ಒಂಥರಾ ಆಗತೊಡಗಿತು. ನಾನು ಕಂಡೇ ಇಲ್ಲದ ಕೋಣೆಗಳಲ್ಲಿ, ನನ್ನ ಪರಿಚಯವೇ ಇಲ್ಲದ ಮುದುಕರ ನಡುವೆ ನನ್ನ ದನಿ ಹೋಗಿ ನಿಲ್ಲುತ್ತಿತ್ತು. ಅತ್ತ ಕಡೆಯಿಂದ ಯಾವುದೋ ಗಡಿಯಾರದ ಸದ್ದು, ಯಾರೋ ಕುರ್ಚಿ ಎಳೆಯುವುದು, ಒಣ ಕೆಮ್ಮು. ಕೆಲವು ಮನೆಗಳಲ್ಲಿ ಹೆಸರು ಕರೆದ ತಕ್ಷಣ ಎಲ್ಲ ಸದ್ದೂ ನಿಂತುಬಿಡುತ್ತಿತ್ತು. ಫೋನು ಕೆಟ್ಟಾಗ ಆಗುವ ಮೌನ ಬೇರೆ. ಇದು ಉಸಿರು ಹಿಡಿದು ಕೇಳಿಸಿಕೊಳ್ಳುತ್ತಿರುವವರ ಮೌನ. ಎರಡನೆಯ ಸಲ ಕರೆದರೆ "ಇದ್ದೀನಿ ಸಾರ್" ಎಂದು ಉತ್ತರ ಬರುತ್ತಿತ್ತು. ನಾನು ನೆಟ್‌ವರ್ಕ್ ಸರಿಯಿಲ್ಲ ಎಂದು ತೀರ್ಮಾನಿಸಿದೆ. ನಮ್ಮ ಕಾಲದಲ್ಲಿ ಅರ್ಥವಾಗದ ಎಲ್ಲಕ್ಕೂ ಅದೇ ತಾನೇ ಕಾರಣ.

ಮೊದಲ ಕರೆಗೇ ತಪ್ಪದೆ ಓಗೊಡುತ್ತಿದ್ದವಳು ಭದ್ರಾವತಿಯ ಮಂಜುಳಾ ಒಬ್ಬಳೇ. ಕಾರ್ಖಾನೆಯ ಹಳೇ ಕ್ವಾರ್ಟರ್ಸಿನಲ್ಲಿ ಗೌರಮ್ಮ ಎಂಬ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದಳು. ಅಜ್ಜಿಯ ಮಗಳು ಶಿವಮೊಗ್ಗದಲ್ಲಿ ಕೆಲಸಕ್ಕಿದ್ದು ಸಂಜೆಯ ಬಸ್ಸಿಗೆ ಮನೆಗೆ ಬರುವವರೆಗೆ ಆ ಮನೆಯಲ್ಲಿ ಇವರಿಬ್ಬರೇ. ಅಜ್ಜಿಗೆ ನೆನಪು ಜಾರುತ್ತಿತ್ತು. ಕಾರ್ಖಾನೆಯ ಸೈರನ್ನು ನಿಂತು ವರ್ಷಗಳಾದರೂ, "ಸೈರನ್ ಆಯ್ತು, ಅವ್ರು ಬರೋ ಹೊತ್ತು, ಅನ್ನಕ್ಕಿಡು" ಎಂದು ತೀರಿಹೋದ ಗಂಡನಿಗಾಗಿ ಅವಸರ ಮಾಡುತ್ತಿದ್ದರಂತೆ. ಮಂಜುಳಾ ಆಫೀಸಿಗೆ ಬಂದರೆ ನಿಲ್ಲಿಸದೆ ಮಾತಾಡುವವಳು. ಯಂತ್ರದಲ್ಲಿ ಮಾತ್ರ ಒಂದೇ ಪದ. "ಮಂಜುಳಾ" ಎಂದರೆ ಸಾಕು, ಆ ಕ್ಷಣವೇ, ತಗ್ಗಿದ, ಸ್ವಲ್ಪ ಒಡೆದ ದನಿಯಲ್ಲಿ, "ಇದ್ದೀನಿ." ಸಾರ್ ಇಲ್ಲ, ಮತ್ತೊಂದಿಲ್ಲ. ಆ ದನಿ ಕೇಳಿದಾಗಲೆಲ್ಲ ನನ್ನ ಬೆನ್ನಿಗೆ ತಣ್ಣೀರು ಸೋಕಿದ ಹಾಗಾಗುತ್ತಿತ್ತು. ಅಗ್ಗದ ಸ್ಪೀಕರ್, ಎಲ್ಲರ ದನಿಯೂ ಮುದಿಯಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ತಿಂಗಳ ಮೀಟಿಂಗಿನಲ್ಲಿ ಎದ್ದು ನಿಂತು, "ಎಲ್ಲರೂ ಮಂಜುಳಾನ ನೋಡಿ ಕಲೀರಿ" ಎಂದು ಭಾಷಣವನ್ನೂ ಮಾಡಿದೆ. ಮಂಜುಳಾ ತಲೆ ತಗ್ಗಿಸಿ ಕಾಲಬೆರಳು ನೋಡುತ್ತಾ ಕೂತಳು. ಎಷ್ಟು ವಿನಯ ಎಂದುಕೊಂಡೆ.

ಅವತ್ತು ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿತ್ತು. ಆಫೀಸಿನ ಫೋನು ಆ ಬೇರೆಯ ದನಿಯಲ್ಲಿ ಕೂಗಿತು. ಗೌರಮ್ಮನ ಮನೆಯಿಂದ. ಮಂಜುಳಾ ಕೆಂಪು ಗುಂಡಿ ಒತ್ತಿದ್ದಳು. ಕಾಫಿ ಲೋಟ ಪಕ್ಕಕ್ಕಿಟ್ಟು ಫೋನೆತ್ತಿಕೊಂಡೆ. "ಮಂಜುಳಾ!" ಎಂದೆ.

"ಇದ್ದೀನಿ."

"ಏನಾಯ್ತು? ಯಾಕೆ ಒತ್ತಿದ್ರಿ?"

"ಇದ್ದೀನಿ."

"ಅಜ್ಜಿ ಚೆನ್ನಾಗಿದ್ದಾರಾ?"

"ಇದ್ದೀನಿ."

ಎಲ್ಲಿಯೋ ನಲ್ಲಿಯಿಂದ ನೀರು ಸುರಿಯುತ್ತಿತ್ತು. ಆ ಸದ್ದಿನ ಅಡಿಯಲ್ಲಿ, ಬಹಳ ಹತ್ತಿರದಲ್ಲೇ, ಇನ್ನೊಬ್ಬ ಹೆಂಗಸು ನರಳಿದಳು. ಉತ್ತರ ಕೊಡುತ್ತಿರುವವಳು ಒಬ್ಬಳು, ನರಳುತ್ತಿರುವವಳು ಒಬ್ಬಳು. ನರಳುವ ದನಿಯೇ ಮಂಜುಳಾಳದು ಎಂದು ನನಗೆ ಗೊತ್ತಾಯಿತು. ಹಾಗಾದರೆ ಇಷ್ಟು ದಿನ ಅವಳ ಹೆಸರಿಗೆ ಓಗೊಡುತ್ತಿದ್ದದ್ದು ಯಾರು? ನನ್ನ ಕೂದಲು ನಿಂತಿತು. ಉಳಿದಿರುವುದೇ ಸ್ವಲ್ಪ, ಅದೂ ನಿಂತಿತು.

ಶಾರದಾ ಒಳಗಿನಿಂದ ಕುಂಟುತ್ತಾ ಬಂದಳು. ಮೊಣಕಾಲಿನ ಆಪರೇಷನ್ ಆಗಿ ಅವಳು ಸ್ಕೂಟರ್ ಹತ್ತುವ ಹಾಗಿರಲಿಲ್ಲ. ಪಕ್ಕದ ಮನೆಯ ಸೆಲ್ವಿಯಮ್ಮನಿಗೆ ಫೋನು ಮಾಡಿದರೆ ಅವರು ಮದುವೆಗೆಂದು ಊರು ಬಿಟ್ಟಿದ್ದರು. ಅಜ್ಜಿಯ ಮಗಳ ಫೋನು ಸಿಗಲಿಲ್ಲ. "ನಾನು ಆಂಬುಲೆನ್ಸಿಗೆ ಹೇಳ್ತೀನಿ. ನೀವು ಮೊದಲು ಹೊರಡಿ" ಎಂದಳು. "ಒಬ್ಬನೇ?" ಎಂದೆ. "ಅವಳು ದಿನಾ ಒಬ್ಬಳೇ ಹೋಗ್ತಾಳಲ್ಲ" ಎಂದು ಮೇಜಿನ ಮೇಲಿದ್ದ ಹೆಚ್ಚುವರಿ ಅಲಾರಾಮನ್ನು ನನ್ನ ಕೊರಳಿಗೆ ಹಾಕಿದಳು. ಮದುವೆಯ ಮಂಟಪದಲ್ಲಿ ಹಾರ ಹಾಕಿದ್ದು ಬಿಟ್ಟರೆ ಅವಳು ನನ್ನ ಕೊರಳಿಗೆ ಏನಾದರೂ ಹಾಕಿದ್ದು ಅದೇ ಎರಡನೆಯ ಸಲ.

ಮಾಚೇನಹಳ್ಳಿ ದಾಟುವವರೆಗೆ ಲಾರಿಗಳ ಹೊಗೆ, ಹಾರ್ನು, ಶಿಫ್ಟು ಬಿಟ್ಟ ಜನ, ಹೇಗೋ ಧೈರ್ಯವಾಗಿದ್ದೆ. ಕ್ವಾರ್ಟರ್ಸಿನ ರಸ್ತೆಗೆ ತಿರುಗಿದ ಮೇಲೆ ಹಾರ್ನು ಹೊಡೆಯಲೂ ಯಾರೂ ಇರಲಿಲ್ಲ. ಒಂದೇ ಅಚ್ಚಿನ ಮನೆಗಳ ಸಾಲು. ಅರ್ಧಕ್ಕರ್ಧ ಖಾಲಿ. ಬಾಗಿಲಿದ್ದರೆ ಕಿಟಕಿಯಿಲ್ಲ, ಕಿಟಕಿಯಿದ್ದರೆ ಅದರೊಳಗಿಂದ ಗಿಡ ಹೊರಗೆ ಇಣುಕುತ್ತಿತ್ತು. ಒಂದು ಪಾಳುಮನೆಯ ಜಗುಲಿಯ ಮೇಲೆ ಯಾರೋ ಹೊಸದಾಗಿ ರಂಗೋಲಿ ಹಾಕಿದ್ದರು. ಆ ಮನೆಗೆ ಛಾವಣಿಯಿರಲಿಲ್ಲ. ಯಾರು ಹಾಕಿದ್ದು ಎಂದು ಯೋಚಿಸಬಾರದೆಂದು ನಿರ್ಧರಿಸಿ, ಗೌರಮ್ಮನ ಮನೆಯವರೆಗೂ ಅದನ್ನೇ ಯೋಚಿಸಿದೆ.

ಗೌರಮ್ಮನ ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ದೀಪ ಹಚ್ಚಿರಲಿಲ್ಲ. ಮೆಟ್ಟಿಲ ಕೆಳಗೇ ನಿಂತು, "ಮಂಜುಳಾ!" ಎಂದೆ.

"ಇದ್ದೀನಿ" ಎಂದಿತು ಬಾಗಿಲು. ಬಾಗಿಲಿಗೇ ಬಾಯಿ ಬಂದಷ್ಟು ಹತ್ತಿರದಿಂದ, ಆ ದನಿ.

ಓಡಬೇಕೆಂದು ನನ್ನ ಕಾಲಿಗೆ ಆಜ್ಞೆ ಹೋಯಿತು. ಕಾಲು ನೌಕರಿ ಬಿಟ್ಟಿತ್ತು. ಅದೇ ಹೊತ್ತಿಗೆ ನನ್ನ ಎದೆಯ ಮೇಲಿಂದ ಒಬ್ಬ ಹೆಂಗಸು ಸ್ಪಷ್ಟವಾಗಿ, "ಚಂದ್ರಶೇಖರ್" ಎಂದಳು.

ನನ್ನ ಹೆಸರು ಅದೇ. ಆದರೆ ಅದನ್ನು ಹಿಡಿದು ಕರೆಯುವ ಹೆಂಗಸರು ಯಾರೂ ಉಳಿದಿಲ್ಲ. ಅಮ್ಮ ಕರೆಯುತ್ತಿದ್ದಳು, ಹೋದಳು. ಅಕ್ಕ ಕರೆಯುತ್ತಿದ್ದಳು, ಅವಳೂ ಹೋದಳು. ಮುಸ್ಸಂಜೆಯಲ್ಲಿ ಮೈಯಿಲ್ಲದ ದನಿ ಹೆಸರು ಹಿಡಿದು ಒಂದೇ ಸಲ ಕರೆದರೆ ಓಗೊಡಬಾರದು, ಮನುಷ್ಯರಾದರೆ ಮತ್ತೆ ಕರೆಯುತ್ತಾರೆ, ಅದಾದರೆ ಒಂದೇ ಸಲ ಕರೆಯುತ್ತದೆ ಎಂದು ಚಿಕ್ಕಂದಿನಲ್ಲಿ ಅಮ್ಮ ಹೇಳಿದ್ದು ಕಿವಿಯಲ್ಲಿ ಮೊಳಗಿತು. ನಾನು ತುಟಿ ಕಚ್ಚಿ ನಿಂತೆ.

"ಚಂದ್ರಶೇಖರ್, ಇದ್ದೀರಾ?" ಎಂದಿತು ಎದೆ.

ಉಸಿರಾಡಲಿಲ್ಲ.

"ರೀ! ಸತ್ರಾ?"

ಅದು ಶಾರದಾ. ಹೆಸರು ಹಿಡಿದೇ ಕರೆಯಬೇಕೆಂದು ನಿಯಮ ಮಾಡಿದವನು ನಾನೇ ತಾನೇ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಮೊದಲ ಸಲ ನನ್ನ ನಿಯಮವೊಂದನ್ನು ಪಾಲಿಸಿದ್ದಳು. "ಇದ್ದೀನಿ" ಎಂದೆ. ನನ್ನ ದನಿಯೂ ಆ ಬಾಗಿಲಿನ ದನಿಯ ಹಾಗೆಯೇ ಕೇಳಿಸಿತು.

ಧೈರ್ಯ ಮಾಡಿ ಬಾಗಿಲು ತಟ್ಟಿದೆ. ಒಳಗಿನಿಂದ, "ಒಂದೇ ಸಲ ಕರೆದೋರಿಗೆ ಬಾಗ್ಲು ತೆಗೆಯಲ್ಲ" ಎಂದು ಉತ್ತರ ಬಂತು. ಮತ್ತೆರಡು ಸಲ ಮಂಜುಳಾ, ಮಂಜುಳಾ ಎಂದೆ. ಚಿಲಕ ಸರಿಯಿತು. ಬಾಗಿಲ ಎರಡೂ ಕಡೆಗೆ ಕೈ ಊರಿ, ದಾರಿಗಡ್ಡವಾಗಿ, ಬೆಳ್ಳಗಿನ ಪುಟ್ಟ ಮುದುಕಿಯೊಬ್ಬರು ನಿಂತಿದ್ದರು. ಹಣೆಯ ತುಂಬ ವಿಭೂತಿ, ಮಡಿಕೆಯ ಗೆರೆ ಮಾಸದ ಹೊಸ ಸೀರೆಯನ್ನು ಹೇಗೋ ಸುತ್ತಿಕೊಂಡಿದ್ದರು. ಗೌರಮ್ಮ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ದಿನಾ ಕರೀತಿದ್ದೋನು ನೀನೇನಾ?"

"ಹೌದಜ್ಜಿ."

"ದನಿ ಕೇಳಿ ದೊಡ್ಡ ಆಳು ಅಂದ್ಕೊಂಡಿದ್ದೆ." ಮುಖದಲ್ಲಿ ನಿರಾಶೆಯಿತ್ತು. "ಮತ್ತೆ ಮತ್ತೆ ಕರೆದು ಮನುಷ್ಯನ ಹಾಗೆ ನಟಿಸ್ತೀಯಾ? ಇರ್ಲಿ. ನಡಿ, ಹೋಗೋಣ. ಮಂಜುಳಾ ಅಂದ್ರೆ ನಾನೇ. ಒಳಗೆ ಇನ್ಯಾರೂ ಇಲ್ಲ."

ಒಂದು ಕ್ಷಣ ನನಗೆ ಏನೂ ಹೊಳೆಯಲಿಲ್ಲ. ಹೊಳೆದಾಗ ಮೈ ಜುಮ್ಮೆಂದಿತು. ಜೀವ ಕರೆದೊಯ್ಯಲು ಬಂದವನು ನಾನೇ ಎಂದು ಆಕೆ ತಿಳಿದಿದ್ದರು. ದಿನವೂ ಮುಸ್ಸಂಜೆ ಮೈಯಿಲ್ಲದೆ ಬಂದು, ಆ ಹುಡುಗಿಯ ಹೆಸರನ್ನು ಒಂದೇ ಒಂದು ಸಲ ಹಿಡಿದು ಕರೆಯುತ್ತಿದ್ದ ಅದು, ನಾನು.

"ಅಜ್ಜಿ, ನಾನು ವಿದ್ಯಾನಗರದಿಂದ ಬಂದೆ."

"ಎಲ್ಲಿಂದಾದ್ರೂ ಬಾ. ಅವಳನ್ನ ಬಿಟ್ಬಿಡು."

ಹಿತ್ತಲ ಕಡೆಯಿಂದ, "ಸಾರ್... ಇಲ್ಲಿದ್ದೀನಿ ಸಾರ್" ಎಂದು ಮಂಜುಳಾಳ ಕ್ಷೀಣ ದನಿ ಬಂತು. ಅಜ್ಜಿ ತಿರುಗಿ ಗದರಿದರು: "ಓಗೊಡ್ಬೇಡ ಅಂತ ಹೇಳಿಲ್ವೇನೇ ನಿಂಗೆ!" ಮತ್ತೆ ನನ್ನ ಕಡೆ ತಿರುಗಿ, ಕೈ ಇನ್ನಷ್ಟು ಅಗಲಿಸಿದರು. ಒಂದು ಬೆರಳಲ್ಲಿ ತಳ್ಳಿದರೆ ಬೀಳುವ ಜೀವ ಅದು, ಆದರೆ ಅವರನ್ನು ದಾಟಿ ಹೋಗುವ ಶಕ್ತಿ ನನಗಿರಲಿಲ್ಲ. ಆಗ ಎದೆಯ ಮೇಲಿಂದ ಶಾರದಾ ಮಾತಾಡಿದಳು. ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. "ಅಜ್ಜೀ, ನಾನು ಶಾರದಾ ಸಿಸ್ಟರು. ಅವ್ರು ನಮ್ಮನೆಯೋರು. ಹೆದರ್ಕೊಂಡು ನಿಂತಿರ್ತಾರೆ, ಒಳಗೆ ಬಿಡಿ."

ಅಜ್ಜಿ ನನ್ನ ಎದೆಯನ್ನೇ ದಿಟ್ಟಿಸಿದರು. "ಹೆಂಡ್ತಿ ಬೈತಾಳಾ ನಿಂಗೆ?"

"ದಿನಾ ಬೈತಾಳೆ."

"ಹಂಗಾದ್ರೆ ನೀನು ಮನುಷ್ಯನೇ. ಬಾ ಒಳಗೆ" ಎಂದು ಕೈ ಇಳಿಸಿದರು.

ಮಂಜುಳಾ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಬಿದ್ದಿದ್ದಳು. ಸೋಪಿನ ನೀರಿನ ಮೇಲೆ ಕಾಲು ಜಾರಿ, ಪಾದದ ಗಂಟು ತಿರುಚಿ, ತಲೆ ಕಲ್ಲಿಗೆ ಬಡಿದಿತ್ತು. ಗುಂಡಿ ಒತ್ತಿದ್ದಷ್ಟೇ ಅವಳಿಗೆ ನೆನಪು, ಆಮೇಲೆ ಕಣ್ಣು ಕತ್ತಲಿಟ್ಟಿತ್ತು. ತನ್ನ ಕಂಬಳಿಯನ್ನು ತಂದು ಅವಳಿಗೆ ಹೊದಿಸಿದ್ದು, ತಲೆಯ ಕೆಳಗೆ ದಿಂಬು ಕೊಟ್ಟದ್ದು, ಹಣೆಗೆ ಹಿಡಿ ವಿಭೂತಿ ಬಳಿದದ್ದು ಎಲ್ಲ ಅಜ್ಜಿಯೇ. ನಲ್ಲಿ ನಿಲ್ಲಿಸುವುದು ಮಾತ್ರ ಮರೆತುಹೋಗಿತ್ತು. ನಲ್ಲಿ ನಿಲ್ಲಿಸಿ ನಾನು ಅಲ್ಲೇ ಕುಕ್ಕರಿಸಿದೆ.

ಆಂಬುಲೆನ್ಸು ಬರುವವರೆಗೆ ಮಂಜುಳಾ ತಡೆದು ತಡೆದು ಹೇಳಿದಳು. "ಮೊದಲನೇ ದಿನ ನೀವು ಕರೆದಾಗ ನಾನು ಬಾಯಿ ತೆಗೆದೆ ಸಾರ್. ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ರು. ನಿಂಗೆ ಎರಡು ಮಕ್ಕಳಿದಾವೆ, ನಂದೇನು, ಹೋದ್ರೆ ಹೋದೆ ಅಂತ ಅವ್ರೇ ಓಗೊಟ್ರು. ಅವತ್ತಿಂದ ದಿನಾ ಅವ್ರದೇ. ಮಗಳ ಹೆಸರೂ ಮರೀತಾರೆ ಸಾರ್, ಇದೊಂದು ಮರೆಯಲ್ಲ. ಸಂಜೆಯಾದ್ರೆ ಒಳ್ಳೇ ಸೀರೆ ಉಟ್ಕೊಂಡು ನನ್ನ ಪಕ್ಕ ಬಂದು ಕೂರ್ತಾರೆ." ಕಂಬಳಿಯನ್ನು ಎಳೆದುಕೊಂಡು, "ನಂಗೂ ಒಳಗೊಳಗೆ ಹೆದರಿಕೆ ಇತ್ತು. ನನ್ ಪರವಾಗಿ ಒಬ್ರು ನಿಂತ್ರಲ್ಲ ಅಂತ ಹೇಳದೆ ಬಿಟ್ಟೆ" ಎಂದಳು. ಅವಳನ್ನು ನೋಡಿಕೊಳ್ಳಲು ನಾವು ಯಂತ್ರ ತಂದೆವು. ಅವಳನ್ನು ನಿಜವಾಗಿ ಕಾದವರು, ಅವಳು ಯಾರನ್ನು ಕಾಯಲು ಹೋಗಿದ್ದಳೋ ಅವರು. ನನಗೆ ಅಳು ಬಂತು. ವಿಭೂತಿ ಕಣ್ಣಿಗೆ ಬಿತ್ತು ಎಂದು ಹೇಳಿ ಒರೆಸಿಕೊಂಡೆ.

ಆದರೆ ಹೆದರಿಕೆ ಹೋಗಲಿಲ್ಲ, ಹೆಚ್ಚಾಯಿತು. ಅಜ್ಜಿ ಪ್ರೀತಿಯಿಂದ ಹೇಳುತ್ತಿದ್ದ ಆ ಒಂದು "ಇದ್ದೀನಿ"ಯನ್ನು ನಂಬಿ ನಾನು ಸುಮ್ಮನಿದ್ದಿದ್ದರೆ? ಗುಂಡಿ ಒತ್ತುವ ಮೊದಲೇ ಅವಳಿಗೆ ಪ್ರಜ್ಞೆ ತಪ್ಪಿದ್ದರೆ? ದೀಪ ಹಚ್ಚುವ ಹೊತ್ತಿಗೆ ನಾನು ಕರೆಯುತ್ತಿದ್ದೆ, ಉತ್ತರ ಬರುತ್ತಿತ್ತು, ಮಂಜುಳಾ ಹಾಜರ್ ಎಂದುಕೊಂಡು ನಾನು ಟಿವಿ ನೋಡುತ್ತಿದ್ದೆ. ಶಾರದಾ ಎಲ್ಲ ಹೆಂಗಸರನ್ನೂ ಕೂರಿಸಿಕೊಂಡು ಕೇಳಿದಾಗ ಗೊತ್ತಾಯಿತು, ಮೊದಲ ಕರೆಗೆ ಯಾರೂ ಓಗೊಡುತ್ತಿರಲಿಲ್ಲ. ನೆಟ್‌ವರ್ಕಿನ ಮೇಲೆ ನಾನು ಹೊರಿಸಿದ್ದೆಲ್ಲ ಸುಳ್ಳು ಆಪಾದನೆ. "ಮಷೀನು ತಗೊಂಡ್ವಿ. ಮನುಷ್ಯರನ್ನ ಕರೆಯೋದು ಹೆಂಗೆ ಅಂತ ಯೋಚಿಸ್ಲಿಲ್ಲ" ಎಂದಳು ಶಾರದಾ. ಈಗ ಮೊದಲು ನಾನು ಯಾರೆಂದು ಹೇಳಬೇಕು, ಆಮೇಲೆ ಮೂರು ಸಲ ಹೆಸರು ಕರೆಯಬೇಕು, ಅವರು ಇದ್ದೀನಿ ಎಂದ ಮೇಲೆ ಇನ್ನೆರಡು ಮಾತಾಡಬೇಕು. ನಾನು ಕರೆದೊಯ್ಯುವವನೆಂಬ ಸುದ್ದಿ ರಾಗಿಗುಡ್ಡದ ಹಿರಿಯರಿಗೂ ಹೇಗೋ ಮುಟ್ಟಿದೆ. ಮೊನ್ನೆ ಅವರೇ ಯಂತ್ರಕ್ಕೆ ಬಾಯಿಟ್ಟು, "ಮೊಮ್ಮಗಳ ಮದುವೆ ತನಕ ನನ್ನ ಫೈಲು ತೆಗೀಬೇಡಿ" ಎಂದು ಕೋರಿಕೊಂಡರು. ನೋಡೋಣ ಎಂದೆ.

ಮಂಜುಳಾ ಪಟ್ಟಿ ಬಿಚ್ಚಿಸಿಕೊಂಡು ಮತ್ತೆ ಗೌರಮ್ಮನ ಮನೆಗೇ ಹೋಗುತ್ತಿದ್ದಾಳೆ. ಬೇರೆ ಮನೆ ಕೊಡುತ್ತೇವೆಂದರೂ ಕೇಳಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಾನು, "ಶಾರದಾ ಸಿಸ್ಟರ್ ಗಂಡ ಮಾತಾಡ್ತಿದ್ದೀನಿ" ಎಂದು ಮುನ್ನುಡಿ ಹಾಕಿ ಮೂರು ಸಲ ಕರೆಯುತ್ತೇನೆ. "ಇದ್ದೀನಿ ಸಾರ್, ಕಾಲು ಪರವಾಗಿಲ್ಲ, ಅಜ್ಜಿ ಉಪ್ಪಿಟ್ಟು ತಿಂದ್ರು" ಎಂದು ಅವಳ ರೇಡಿಯೋ ಶುರುವಾಗುತ್ತದೆ. ಅದು ಮುಗಿದ ಮೇಲೆ ಆ ತಗ್ಗಿದ ದನಿ ಹತ್ತಿರ ಬರುತ್ತದೆ.

"ಇವತ್ತೇನಾ?"

"ಇವತ್ತಲ್ಲ ಅಜ್ಜಿ."

"ಹಂಗಾದ್ರೆ ಊಟ ಮಾಡ್ತೀನಿ."

ನಾನು ಫೋನಿಟ್ಟು ಸ್ವಲ್ಪ ಹೊತ್ತು ಕತ್ತಲಲ್ಲೇ ಕೂರುತ್ತೇನೆ. ಯಾವ ಅಧಿಕಾರದಿಂದ ಹಾಗೆ ಹೇಳಿದೆ ಎಂದು ಯಾರೂ ಕೇಳದಿರಲಿ. ಆಗ ಅಡುಗೆಮನೆಯ ಕಡೆಯಿಂದ ಹೆಂಗಸಿನ ದನಿಯೊಂದು ಊಟಕ್ಕೆ ಕರೆಯುತ್ತದೆ, ಹೆಸರು ಹಿಡಿದು. ಅವತ್ತಿನಿಂದ ಶಾರದಾಳಿಗೆ ಅದು ಅಭ್ಯಾಸವಾಗಿಬಿಟ್ಟಿದೆ. ಶಾರದಾ ಎಂದೇ ನನಗೆ ಗೊತ್ತು, ತೊಂಬತ್ತೊಂಬತ್ತು ಪಾಲು ಗೊತ್ತು. ಆದರೂ ಏಳುವುದಿಲ್ಲ. ಸಾರು ಆರಿದರೆ ಆರಲಿ, ಇನ್ನೊಂದು ಸಲ ಕರೆಯಲಿ.